ಮೂರು ಬಟ್ಟು, ಹದಿಮೂರು ಕಿಲೋ

ಕರೆಂಟ್ ಹೋಗಿ ಇನ್ವರ್ಟರ್ ಚಾಲೂ ಆದಾಗ ಫ್ಯಾನ್ ನಿಲ್ಲುವುದಿಲ್ಲ, ಆದರೆ ಅದರ ದನಿ ಬದಲಾಗುತ್ತದೆ. ಗಾಳಿಯ ಸದ್ದಿನ ಅಡಿಯಲ್ಲಿ ಗುಂಯ್ ಎನ್ನುವ ಇನ್ನೊಂದು ಸದ್ದು ಸೇರಿಕೊಳ್ಳುತ್ತದೆ. ಹಳೆಯ ಇನ್ವರ್ಟರ್ ಇಟ್ಟುಕೊಂಡವರಿಗೆಲ್ಲ ಇದು ಗೊತ್ತು. ಕಲ್ಯಾಣ್, ಡೊಂಬಿವಲಿ ಕಡೆಯವರಿಗಂತೂ ಹೇಳಬೇಕಾಗಿಯೇ ಇಲ್ಲ. 2000ದ ನಂತರದ ಮೊದಲ ದಶಕದಲ್ಲಿ ಮುಂಬಯಿ ನಗರದವರು ಲೋಡ್‌ಶೆಡ್ಡಿಂಗ್ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಿದ್ದರು. ರಾಜ್ಯದ ವಿದ್ಯುತ್ ಕಂಪನಿ ಮಹಾವಿತರಣದ ಕರೆಂಟು ಬರುವ ಈ ಊರುಗಳವರು ಅದನ್ನು ದಿನವೂ ಅನುಭವಿಸುತ್ತಿದ್ದರು. ಎಷ್ಟೋ ಮನೆಗಳಿಗೆ ಇನ್ವರ್ಟರ್ ಬಂದದ್ದು ಆಗಲೇ. ಅಂಗಡಿಗೆ ಹೋದರೆ, ‘ಸ್ಕ್ವೇರ್ ವೇವ್ ಬೇಕೋ, ಸೈನ್ ವೇವ್ ಬೇಕೋ?’ ಎಂಬ ಪ್ರಶ್ನೆ. ಬ್ಯಾಟರಿ ಅದೇ, ವ್ಯಾಟ್ ಅದೇ, ಬೆಲೆ ಮಾತ್ರ ಬೇರೆ.

ಇನ್ನೊಂದು ಸದ್ದು ಸ್ಟೇಷನ್ನಿನದು. ಹಳೆಯ ಲೋಕಲ್ ಗಾಡಿಗಳು ಹೊರಡುವಾಗ ಅಡಿಯಿಂದ ಕಟಕ್ ಕಟಕ್ ಎಂಬ ಸಪ್ಪಳ ಬರುತ್ತಿತ್ತು. 2007ರ ನಂತರ ಮುಂಬಯಿಗೆ ಬಂದ ಹೊಸ ಗಾಡಿಗಳು ಹೊರಡುವಾಗ ಒಂದು ಸ್ವರ ಎತ್ತುತ್ತವೆ. ವೇಗ ಏರಿದಂತೆ ಸ್ವರವೂ ಬದಲಾಗುತ್ತದೆ. ರೈಲಿನ ಹುಚ್ಚಿರುವ ಹುಡುಗರು ಕಣ್ಣು ಮುಚ್ಚಿಕೊಂಡೇ ಇದು ಸೀಮೆನ್ಸ್ ಗಾಡಿ, ಅದು ಬಂಬಾರ್ಡಿಯರ್ ಗಾಡಿ ಎಂದು ಹೇಳಬಲ್ಲರು.

ಫ್ಯಾನಿನ ಗುಂಯ್ ಸದ್ದಿಗೂ ಲೋಕಲ್ಲಿನ ಸ್ವರಕ್ಕೂ ಮೂಲ ಒಂದೇ ಕೆಲಸದಲ್ಲಿದೆ. ನೇರ ವಿದ್ಯುತ್ತನ್ನು, ಅಂದರೆ ಡೀಸಿಯನ್ನು, ಪರ್ಯಾಯ ವಿದ್ಯುತ್ತಾಗಿ, ಅಂದರೆ ಏಸಿಯಾಗಿ ಬದಲಿಸುವ ಕೆಲಸ ಅದು. ಅದನ್ನು ಮಾಡುವ ಯಂತ್ರಕ್ಕೇ ಇನ್ವರ್ಟರ್ ಎಂದು ಹೆಸರು. ಮನೆಯ ಮೂಲೆಯ ಡಬ್ಬಿಯೂ ಇನ್ವರ್ಟರೇ, ರೈಲಿನ ಹೊಟ್ಟೆಯಡಿಯ ಪೆಟ್ಟಿಗೆಯೂ ಇನ್ವರ್ಟರೇ.

ನಾಲ್ಕು ಸ್ವಿಚ್ಚಿನ ಸೇತುವೆ

ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಸೊನ್ನೆಯಿಂದ ಮೆಲ್ಲಗೆ ಏರಿ 325 ವೋಲ್ಟಿನ ತುದಿ ಮುಟ್ಟಿ, ಇಳಿದು, ಸೊನ್ನೆ ದಾಟಿ, ಅಷ್ಟೇ ಆಳಕ್ಕೆ ಹೋಗಿ ಮರಳುತ್ತದೆ. ಒಂದು ಸುತ್ತಿಗೆ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗ. ನಾವು 230 ವೋಲ್ಟ್ ಎನ್ನುವುದು ಈ ಏರಿಳಿತದ ಒಂದು ಬಗೆಯ ಸರಾಸರಿಯನ್ನು. ತುದಿ ಮಾತ್ರ 325ರಲ್ಲಿದೆ. ಈ ನುಣುಪಾದ ಅಲೆಗೇ ಸೈನ್ ವೇವ್ ಎನ್ನುತ್ತಾರೆ.

ಬ್ಯಾಟರಿಗೆ ಏರಿಳಿತ ಗೊತ್ತಿಲ್ಲ. ಅದರ ವೋಲ್ಟೇಜು ಒಂದೇ. ಅದನ್ನು ನಾಲ್ಕು ಸ್ವಿಚ್ಚುಗಳ ನಡುವೆ ಕಟ್ಟಿದರೆ ಮೂರು ಕೆಲಸ ಮಾಡಿಸಬಹುದು. ಒಂದು ಜೋಡಿ ಸ್ವಿಚ್ಚು ಹಾಕಿದರೆ ಹೊರಗಿನ ತಂತಿಗೆ ಬ್ಯಾಟರಿ ನೆಟ್ಟಗೆ ಸೇರುತ್ತದೆ. ಇನ್ನೊಂದು ಜೋಡಿ ಹಾಕಿದರೆ ಉಲ್ಟಾ ಸೇರುತ್ತದೆ. ಮೇಲಿನ ಎರಡನ್ನೇ ಅಥವಾ ಕೆಳಗಿನ ಎರಡನ್ನೇ ಹಾಕಿದರೆ ಬ್ಯಾಟರಿ ಹೊರಗುಳಿದು ಸೊನ್ನೆ ಬರುತ್ತದೆ. ಈ ನಾಲ್ಕು ಸ್ವಿಚ್ಚಿನ ಕಟ್ಟಡವನ್ನು ಎಂಜಿನಿಯರುಗಳು ಎಚ್-ಬ್ರಿಜ್ ಎನ್ನುತ್ತಾರೆ, ನಾವು ಸೇತುವೆ ಎನ್ನೋಣ. ಸ್ವಿಚ್ಚು ಎಂದರೆ ಗೋಡೆಯ ಮೇಲಿನದಲ್ಲ, ಸಿಲಿಕಾನಿನ ತುಣುಕು. ಚಿಕ್ಕ ವೋಲ್ಟೇಜಿಗೆ ಮಾಸ್‌ಫೆಟ್, ದೊಡ್ಡದಕ್ಕೆ ಐಜಿಬಿಟಿ.

ಈ ಸೇತುವೆಯನ್ನು ಸೆಕೆಂಡಿಗೆ 50 ಸಲ ಉಲ್ಟಾ-ಪಲ್ಟಾ ಮಾಡಿದರೆ ಬರುವುದು ಚೌಕ ಅಲೆ. ಅಂಗಡಿಯವನ ಸ್ಕ್ವೇರ್ ವೇವ್ ಇದೇ. ಫ್ರಾನ್ಸಿನ ಗಣಿತಜ್ಞ ಫೋರಿಯೆ 1822ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟ ಪ್ರಕಾರ, ಯಾವ ಒರಟು ಅಲೆಯನ್ನಾದರೂ ಹಲವು ನುಣುಪು ಅಲೆಗಳ ಮೊತ್ತವೆಂದು ಬಿಡಿಸಬಹುದು. ಚೌಕ ಅಲೆಯನ್ನು ಬಿಡಿಸಿದರೆ ಸೆಕೆಂಡಿಗೆ 50ರ ಅಲೆಯ ಜೊತೆಗೆ 150, 250, 350ರ ಅಲೆಗಳೂ ಸಿಗುತ್ತವೆ. ಫ್ಯಾನನ್ನು ತಿರುಗಿಸುವುದು 50ರ ಅಲೆ ಮಾತ್ರ. ಉಳಿದವು ಮೋಟಾರಿನ ಕಬ್ಬಿಣವನ್ನೂ ಸುರುಳಿಯನ್ನೂ ಅದುರಿಸಿ ಬಿಸಿ ಮಾಡುತ್ತವೆ. ಆ ಅದುರುವಿಕೆಯೇ ಗುಂಯ್ ಸದ್ದು. ಬೇಡದ ಈ ಅಲೆಗಳ ಒಟ್ಟು ಪ್ರಮಾಣವನ್ನು ಕಲ್ಮಶ ಎಂದು ಕರೆಯೋಣ. ಚೌಕ ಅಲೆಯಲ್ಲಿ ಅದು ಶೇಕಡಾ 48. ಅರ್ಧಕ್ಕರ್ಧ ಕಲಬೆರಕೆ ಎಂದರೂ ನಡೆಯುತ್ತದೆ.

ಚೂರು ಮಾಡುವುದು

ಕಲ್ಮಶ ತೆಗೆಯಲು ಎರಡು ದಾರಿಗಳಿವೆ. ಮೊದಲನೆಯದು, ಸ್ವಿಚ್ಚನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆದು ವೋಲ್ಟೇಜನ್ನು ಚೂರು ಚೂರು ಮಾಡುವುದು. ಅಲೆಯ ತುದಿಯಲ್ಲಿ ಅಗಲವಾದ ಚೂರುಗಳು, ಸೊನ್ನೆಯ ಹತ್ತಿರ ತೆಳ್ಳನೆಯವು. ಸರಾಸರಿ ನೋಡಿದರೆ ನುಣುಪು ಅಲೆ. ಇಂದಿನ ಸೈನ್ ವೇವ್ ಇನ್ವರ್ಟರುಗಳು ಮಾಡುವುದು ಇದನ್ನೇ. ಹೊಸ ಲೋಕಲ್ ಗಾಡಿಯ ಸ್ವರವೂ ಈ ಚೂರು ಮಾಡುವಿಕೆಯದೇ.

ಲೋಕಲ್ಲಿನ ಕತೆಯನ್ನು ಇಲ್ಲಿ ಒಂದಿಷ್ಟು ಹೇಳಿಬಿಡಬೇಕು. 1925ರ ಫೆಬ್ರುವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿದ ದೇಶದ ಮೊದಲ ವಿದ್ಯುತ್ ರೈಲಿಗೆ ಕೊಟ್ಟದ್ದು 1500 ವೋಲ್ಟಿನ ನೇರ ವಿದ್ಯುತ್ತು. ಆ ಕಾಲದಲ್ಲಿ ವೇಗವನ್ನು ಹೆಚ್ಚು ಕಡಿಮೆ ಮಾಡಲು ಸುಲಭವಾಗಿ ಒಗ್ಗುತ್ತಿದ್ದದ್ದು ಡೀಸಿ ಮೋಟಾರು. ಹಳೆಯ ಗಾಡಿಯ ಕಟಕ್ ಕಟಕ್ ಎಂದರೆ ಒಂದೊಂದೇ ತಡೆಯನ್ನು, ಅಂದರೆ ರೆಸಿಸ್ಟರನ್ನು, ಕರೆಂಟಿನ ದಾರಿಯಿಂದ ತೆಗೆಯುವ ಸಪ್ಪಳ. ಆ ತಡೆಗಳಲ್ಲಿ ಕರೆಂಟು ಸುಮ್ಮನೆ ಬಿಸಿಯಾಗಿ ಹೋಗುತ್ತಿತ್ತು. ಗಟ್ಟಿಮುಟ್ಟಾದ, ಬ್ರಷ್ಷಿಲ್ಲದ ಏಸಿ ಮೋಟಾರು ರೈಲಿಗೆ ಎಂದೋ ಬರಬೇಕಿತ್ತು. ಆದರೆ ಅದರ ವೇಗ ಬದಲಿಸಬೇಕಾದರೆ ಕರೆಂಟಿನ ಏರಿಳಿತದ ಲೆಕ್ಕವನ್ನೇ ಬದಲಿಸಬೇಕು, ಅದಕ್ಕೆ ಇನ್ವರ್ಟರ್ ಬೇಕು. ಮುಂಬಯಿಯ ಹಳಿಗಳು ಹಂತಹಂತವಾಗಿ 25 ಸಾವಿರ ವೋಲ್ಟಿನ ಏಸಿಗೆ ಬದಲಾದವು. ಥಾಣೆಯಿಂದ ಮುಂಬಯಿಯ ಮುಖ್ಯ ಮಾರ್ಗ 2015ರಲ್ಲಿ, ಕೊನೆಯದಾಗಿ ಹಾರ್ಬರ್ ಮಾರ್ಗ 2016ರ ಏಪ್ರಿಲ್‌ನಲ್ಲಿ. ಹೊಸ ಗಾಡಿಯೊಳಗೆ ಆ ಏಸಿ ಮೊದಲು ಡೀಸಿಯಾಗುತ್ತದೆ, ಮತ್ತೆ ಇನ್ವರ್ಟರಿನಲ್ಲಿ ಮೋಟಾರಿಗೆ ಬೇಕಾದ ಏಸಿಯಾಗುತ್ತದೆ. ಸುತ್ತುಬಳಸಿನ ದಾರಿಯೇ ನಿಜ, ಆದರೆ ಲಾಭದ್ದು. ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ಮರಳಿಸುತ್ತದೆ.

ಚೂರು ಮಾಡುವ ದಾರಿಗೆ ಮಿತಿ ಇದೆ. ಸ್ವಿಚ್ಚು ಪ್ರತಿ ಸಲ ಮಗ್ಗುಲು ಬದಲಿಸುವಾಗ ಸ್ವಲ್ಪ ಶಕ್ತಿ ಶಾಖವಾಗಿ ಸೋರುತ್ತದೆ. ವೋಲ್ಟೇಜು ಹೆಚ್ಚಿದಷ್ಟೂ ಈ ಸೋರಿಕೆ ಹೆಚ್ಚು, ಸ್ವಿಚ್ಚು ನಿಧಾನ. ಪೇಟೆಯಲ್ಲಿ ಸಿಗುವ ಐಜಿಬಿಟಿಗಳು 600, 1200, 1700, 3300 ಹೀಗೆ ಏರಿ 6500 ವೋಲ್ಟಿನ ಹೊತ್ತಿಗೆ ನಿಲ್ಲುತ್ತವೆ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಾಗಲಿ ಥಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಇರುವ ಕಾರ್ಖಾನೆಗಳಲ್ಲಾಗಲಿ, ಇಂಥ ಉದ್ಯಮಗಳ ದೊಡ್ಡ ಪಂಪು, ಬ್ಲೋವರ್, ಕಂಪ್ರೆಸರುಗಳಿಗೆ 3300 ಅಥವಾ 6600 ವೋಲ್ಟಿನ ಮೋಟಾರು ಬೇಕಾಗುತ್ತದೆ. ಅಷ್ಟು ವೋಲ್ಟೇಜನ್ನು ಒಂದೇ ಏಟಿಗೆ ಸೊನ್ನೆಯಿಂದ ತುದಿಗೆ ಹಾರಿಸಿದರೆ ಸುರುಳಿಯ ಹೊದಿಕೆ ಬಿರಿಯುತ್ತದೆ, ಬೇರಿಂಗು ಸವೆಯುತ್ತದೆ.

ಮೆಟ್ಟಿಲು ಮಾಡುವುದು

ಎರಡನೆಯ ದಾರಿ ಇಲ್ಲಿಂದ ಶುರು. ಒಂದೇ ದೊಡ್ಡ ಜಿಗಿತದ ಬದಲು ಹಲವು ಸಣ್ಣ ಮೆಟ್ಟಿಲುಗಳಲ್ಲಿ ಏರಿ ಇಳಿಯುವುದು. ಮೆಟ್ಟಿಲು ಹೆಚ್ಚಿದಷ್ಟೂ ಅಲೆ ನುಣುಪಿಗೆ ಹತ್ತಿರ. ಸೊನ್ನೆಯನ್ನೂ ಸೇರಿಸಿ 7 ಮಟ್ಟಗಳಿದ್ದರೆ ಕಲ್ಮಶ ಶೇಕಡಾ 12ರ ಆಸುಪಾಸಿಗೆ ಬರುತ್ತದೆ. 15 ಮಟ್ಟಕ್ಕೆ ಸುಮಾರು 6. 27 ಮಟ್ಟಕ್ಕೆ ಸುಮಾರು 3. ಇದೇ ಬಹುಮಟ್ಟದ ಇನ್ವರ್ಟರ್.

ಇದನ್ನು ಮಾಡುವ ಅತಿ ಸರಳ ಉಪಾಯ ಸೇತುವೆಗಳನ್ನು ಸಾಲಾಗಿ ಪೋಣಿಸುವುದು. ಅಮೆರಿಕದ ರಿಚರ್ಡ್ ಬೇಕರ್ ಮತ್ತು ಲಾರೆನ್ಸ್ ಬ್ಯಾನಿಸ್ಟರ್ 1975ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಪ್ರತಿ ಸೇತುವೆಗೂ ಅದರದೇ ಡೀಸಿ ಮೂಲ. ಒಂದು ಸೇತುವೆ ಸೇರಿದರೆ ಒಂದು ಮೆಟ್ಟಿಲು, ಎರಡು ಸೇರಿದರೆ ಎರಡು. 1981ರಲ್ಲಿ ಜಪಾನಿನ ನಬಾಯೆ, ತಕಾಹಾಶಿ, ಅಕಾಗಿ ಎಂಬ ಮೂವರು ಒಂದೇ ಡೀಸಿ ಮೂಲವನ್ನು ನಡುವೆ ಸೀಳಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳ ಸಹಾಯದಿಂದ ಮೂರು ಮಟ್ಟ ಪಡೆಯುವ ಬಗೆಯನ್ನು ಪ್ರಕಟಿಸಿದರು. ಅವರದು ದೊಡ್ಡ ಯಶಸ್ಸು. ಜಪಾನಿನ ಕೆಲವು ಶಿಂಕಾನ್ಸೆನ್ ರೈಲುಗಳಲ್ಲಿ ಮೂರು ಮಟ್ಟದ ವಿದ್ಯೆಯೇ ಇದೆ. ಮೂರು ಮಟ್ಟಕ್ಕೆ ಒಂದು ಫೇಸಿಗೆ ಎರಡು ಹೆಚ್ಚುವರಿ ಡಯೋಡು ಸಾಕು. ಐದು ಮಟ್ಟಕ್ಕೆ ಹೋದರೆ ಹನ್ನೆರಡು ಬೇಕು, ಏಳಕ್ಕೆ ಮೂವತ್ತು. ಅಲ್ಲಿಗೆ ಆ ದಾರಿ ಏದುಸಿರು ಬಿಡುತ್ತದೆ.

ಸೇತುವೆ ಪೋಣಿಸುವ ದಾರಿಯೂ ಅಗ್ಗವಲ್ಲ. 6600 ವೋಲ್ಟಿನ ಮೋಟಾರನ್ನು ನಡೆಸುವ ಒಂದು ಯಂತ್ರವನ್ನು ನೋಡಿ. ಮೂರು ಫೇಸು, ಪ್ರತಿ ಫೇಸಿಗೆ ಆರು ಸೇತುವೆ ಎಂದು ಹಿಡಿದರೆ ಹದಿನೆಂಟು ಸೇತುವೆ. ಎಪ್ಪತ್ತೆರಡು ಐಜಿಬಿಟಿ. ಪ್ರತಿ ಸೇತುವೆಗೆ ಪ್ರತ್ಯೇಕ ಡೀಸಿ ಒದಗಿಸಲು ಆರಾರು ಡಯೋಡು, ಅಂದರೆ ನೂರೆಂಟು. ಹದಿನೆಂಟು ಕೆಪಾಸಿಟರ್ ಗುಂಪು. ಇಷ್ಟಕ್ಕೂ ಕರೆಂಟು ಹಂಚಲು ಹದಿನೆಂಟು ಪ್ರತ್ಯೇಕ ಸುರುಳಿಗಳಿರುವ ಒಂದು ಭಾರಿ ಟ್ರಾನ್ಸ್‌ಫಾರ್ಮರ್. ಇನ್ನು ಪ್ರತಿ ಐಜಿಬಿಟಿಯ ಬೆನ್ನಿಗೂ ಅದನ್ನು ಆಡಿಸುವ ಡ್ರೈವರ್ ಸರ್ಕ್ಯೂಟು, ಅದಕ್ಕೊಂದು ಬೇರೆಯೇ ಪುಟ್ಟ ವಿದ್ಯುತ್ ಮೂಲ. ಎಪ್ಪತ್ತೆರಡು ಎಂದು ಬರೆದಾಗ ನಿಜಕ್ಕೂ ಎಣಿಸಬೇಕಾದದ್ದು ಅದರ ಎಷ್ಟೋ ಪಟ್ಟು.

ಆದ್ದರಿಂದಲೇ ಕಳೆದ ಎರಡು ಮೂರು ದಶಕಗಳಲ್ಲಿ ಈ ವಿದ್ಯೆಯಲ್ಲಿ ದುಡಿಯುವವರು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ: ಮೆಟ್ಟಿಲು ಕಡಿಮೆಯಾಗದೆ ಬಿಡಿಭಾಗ ಕಡಿಮೆ ಮಾಡುವುದು ಹೇಗೆ?

ತಕ್ಕಡಿಯ ಲೆಕ್ಕ

ಉತ್ತರ ಹಳೆಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿದೆ. 1 ಕಿಲೋದಿಂದ 13 ಕಿಲೋ ತನಕ ಪ್ರತಿ ಪೂರ್ಣ ಕಿಲೋವನ್ನೂ ತೂಗಬೇಕು. ಎಲ್ಲ ಬಟ್ಟುಗಳೂ ಒಂದೊಂದು ಕಿಲೋದವಾದರೆ ಹದಿಮೂರು ಬಟ್ಟು ಬೇಕು. ಬಟ್ಟುಗಳನ್ನು ಎರಡೂ ತಟ್ಟೆಯಲ್ಲಿ ಇಡಬಹುದು ಎಂದಾದರೆ ಮೂರೇ ಸಾಕು: 1, 3, 9 ಕಿಲೋದವು. 2 ಕಿಲೋ ಬೇಕಾದರೆ 3ರ ಬಟ್ಟನ್ನು ಎದುರು ತಟ್ಟೆಯಲ್ಲಿಟ್ಟು, 1ರದ್ದನ್ನು ಬೆಲ್ಲದ ಜೊತೆಗೆ ಇಡಿ. 5 ಕಿಲೋಗೆ 9 ಅತ್ತ; 3, 1 ಇತ್ತ. 13ಕ್ಕೆ ಮೂರೂ ಅತ್ತ. ಬಾಷೆ ಎಂಬ ಫ್ರೆಂಚ್ ಪಂಡಿತ 1612ರಲ್ಲೇ ಈ ಒಗಟನ್ನು ತನ್ನ ಗಣಿತವಿನೋದದ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ.

ಸೇತುವೆ ಮಾಡುವ ಮೂರು ಕೆಲಸಗಳನ್ನು ಈಗ ನೆನಪಿಸಿಕೊಳ್ಳಿ. ನೆಟ್ಟಗೆ ಸೇರಿಸುವುದೆಂದರೆ ಬಟ್ಟನ್ನು ಎದುರು ತಟ್ಟೆಗೆ ಹಾಕುವುದು. ಉಲ್ಟಾ ಸೇರಿಸುವುದೆಂದರೆ ಬೆಲ್ಲದ ತಟ್ಟೆಗೆ ಹಾಕುವುದು. ಸೊನ್ನೆ ಎಂದರೆ ನೆಲದ ಮೇಲಿಡುವುದು. ಮೂರು ಸೇತುವೆಗಳಿಗೆ 25, 75, 225 ವೋಲ್ಟ್ ಕೊಟ್ಟೆವು ಎನ್ನೋಣ. 25 ವೋಲ್ಟೇ ನಮ್ಮ ಒಂದು ಕಿಲೋ. ಮೂರೂ ಕೂಡಿದರೆ 325 ವೋಲ್ಟ್. ಮನೆಯ ಕರೆಂಟಿನ ತುದಿಯೂ ಅಷ್ಟೇ. ಮೇಲೆ 13 ಮೆಟ್ಟಿಲು, ಕೆಳಗೆ 13, ನಡುವೆ ಸೊನ್ನೆ. ಒಟ್ಟು 27 ಮಟ್ಟ. ಹನ್ನೆರಡು ಸ್ವಿಚ್ಚಿನಲ್ಲಿ! ಎಲ್ಲ ಸೇತುವೆಗೂ 25 ವೋಲ್ಟೇ ಕೊಟ್ಟು ಇದನ್ನೇ ಮಾಡಲು ಹೊರಟರೆ ಹದಿಮೂರು ಸೇತುವೆ, ಐವತ್ತೆರಡು ಸ್ವಿಚ್ಚು ಬೇಕಾಗುತ್ತಿತ್ತು.

ಇದರಲ್ಲಿ ಇನ್ನೂ ಒಂದು ಸೊಗಸಿದೆ. ಅಲೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಿಕ್ಕ ಸೇತುವೆ ಪ್ರತಿ ಮೆಟ್ಟಿಲಿಗೂ ಮಗ್ಗುಲು ಬದಲಿಸುತ್ತದೆ. 225 ವೋಲ್ಟಿನ ದೊಡ್ಡ ಸೇತುವೆ ಮೇಲಿನ ಅರ್ಧದಲ್ಲಿ ಒಮ್ಮೆ ನೆಟ್ಟಗೆ, ಕೆಳಗಿನ ಅರ್ಧದಲ್ಲಿ ಒಮ್ಮೆ ಉಲ್ಟಾ, ಅಷ್ಟೇ. ದೊಡ್ಡ ವೋಲ್ಟೇಜು ತಡೆಯುವ ಸ್ವಿಚ್ಚು ನಿಧಾನ, ಚಿಕ್ಕದು ಚುರುಕು ಎಂದು ಹಿಂದೆ ಹೇಳಿದೆನಲ್ಲ, ಇಲ್ಲಿ ಕೆಲಸವೂ ಹಾಗೆಯೇ ಹಂಚಿಕೆಯಾಗಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಾಧವ ಮಾಂಜರೇಕರ್ ಮತ್ತು ಥಾಮಸ್ ಲಿಪೋ 1990ರ ದಶಕದ ಕೊನೆಗೆ ಎರಡು ಬೇರೆ ಜಾತಿಯ ಸ್ವಿಚ್ಚುಗಳನ್ನು ಹೀಗೆ ಒಟ್ಟಿಗೆ ದುಡಿಸುವ ಮಿಶ್ರ ಇನ್ವರ್ಟರನ್ನು ಬೆಳೆಸಿದರು.

ಲಾಭವನ್ನು ಕಂಡು ಹಿಗ್ಗುವ ಮೊದಲು ಒಂದು ಲೆಕ್ಕ ಹಾಕಬೇಕು. ಸಮ ಬಟ್ಟಿನ ಯಂತ್ರದಲ್ಲಿ ಐವತ್ತೆರಡು ಸ್ವಿಚ್ಚು, ಒಂದೊಂದೂ 25 ವೋಲ್ಟ್ ತಡೆಯಬೇಕು: ಒಟ್ಟು 1300. ವಿಷಮ ಬಟ್ಟಿನದರಲ್ಲಿ ನಾಲ್ಕು ಸ್ವಿಚ್ಚು 25ರವು, ನಾಲ್ಕು 75ರವು, ನಾಲ್ಕು 225ರವು. ಕೂಡಿಸಿ: ಒಟ್ಟು 1300. ಸ್ವಿಚ್ಚಿನ ಸಂಖ್ಯೆ ಕಾಲು ಭಾಗಕ್ಕೂ ಕಡಿಮೆಯಾಯಿತು, ಆದರೆ ತಡೆಯಬೇಕಾದ ವೋಲ್ಟೇಜಿನ ಮೊತ್ತ ಒಂದು ವೋಲ್ಟೂ ಇಳಿಯಲಿಲ್ಲ. ಉಳಿತಾಯವಾದದ್ದು ಡ್ರೈವರುಗಳಲ್ಲಿ, ಡೀಸಿ ಮೂಲಗಳಲ್ಲಿ, ತಂತಿ ಜೋಡಣೆಯಲ್ಲಿ, ಪೆಟ್ಟಿಗೆಯ ಗಾತ್ರದಲ್ಲಿ. ಅದೇನೂ ಸಣ್ಣದಲ್ಲ. ಆದರೆ ‘ಐವತ್ತೆರಡು ಹೋಗಿ ಹನ್ನೆರಡಾಯಿತು’ ಎಂಬ ಒಂದೇ ಸಾಲು ಅರ್ಧ ಸತ್ಯ.

ಮತ್ತೊಂದು ತೊಡಕು ಹೊರೆಯ ಹಂಚಿಕೆಯದು. ಪೂರ್ಣ ವೋಲ್ಟೇಜಿನಲ್ಲಿ ಈ ಯಂತ್ರ ನಡೆಯುವಾಗ ಶಕ್ತಿಯ ಸುಮಾರು ಶೇಕಡಾ 83 ದೊಡ್ಡ ಸೇತುವೆಯಿಂದಲೇ ಹೋಗುತ್ತದೆ, ನಡುವಿನದರಿಂದ ಸುಮಾರು 15, ಚಿಕ್ಕದರಿಂದ ಅತ್ಯಲ್ಪ. ಮೂರು ಸಮ ಸೌರ ಫಲಕಗಳನ್ನು ತಂದು ಮೂರಕ್ಕೂ ಕಟ್ಟಿದರೆ ಒಂದು ಸುಸ್ತಾಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಅಷ್ಟೇ ಅಲ್ಲ, 2 ಕಿಲೋ ತೂಗುವಾಗ 1ರ ಬಟ್ಟು ಉಲ್ಟಾ ತಟ್ಟೆಯಲ್ಲಿತ್ತು. ಅಂದರೆ ಆ ಹೊತ್ತಿನಲ್ಲಿ ಚಿಕ್ಕ ಮೂಲ ಶಕ್ತಿ ಕೊಡುವುದಿಲ್ಲ, ದೊಡ್ಡದರಿಂದ ತೆಗೆದುಕೊಳ್ಳುತ್ತದೆ. ಬ್ಯಾಟರಿಯಾದರೆ ಚಾರ್ಜ್ ಆಗುತ್ತದೆ, ಸಂತೋಷ. ಸೌರ ಫಲಕಕ್ಕೆ ತೆಗೆದುಕೊಳ್ಳುವುದು ಬಾರದು.

ಒಂದೇ ಮೂಲ, ಉಳಿದವು ಕೆಪಾಸಿಟರ್

ಚಿಕ್ಕ ಮೂಲ ಕೊಡುತ್ತದೆ, ತೆಗೆದುಕೊಳ್ಳುತ್ತದೆ ಎಂದ ಮೇಲೆ ಅದು ಬ್ಯಾಟರಿಯೇ ಆಗಿರಬೇಕೇಕೆ? ವಿದ್ಯುತ್ತನ್ನು ತುಂಬಿಟ್ಟುಕೊಂಡು ಮರಳಿಸುವ ಒಂದು ಕೆಪಾಸಿಟರ್ ಸಾಲದೇ? ಆಗ ನಿಜವಾದ ಡೀಸಿ ಮೂಲ ಒಂದೇ ಸಾಕು, ಟ್ರಾನ್ಸ್‌ಫಾರ್ಮರಿನ ಹದಿನೆಂಟು ಸುರುಳಿಯ ತಲೆನೋವೂ ತಪ್ಪುತ್ತದೆ. ಈ ವಿದ್ಯೆಯ ನಿಜವಾದ ಬುದ್ಧಿವಂತಿಕೆ ಇರುವುದು ಇಲ್ಲಿ ಎಂದು ನನ್ನ ಎಣಿಕೆ.

ಕಷ್ಟ ಏನೆಂದರೆ, ಕೆಪಾಸಿಟರು ಕೊಟ್ಟಷ್ಟೂ ಖಾಲಿಯಾಗುತ್ತದೆ, ತೆಗೆದುಕೊಂಡಷ್ಟೂ ಉಬ್ಬುತ್ತದೆ. ಅದರ ವೋಲ್ಟೇಜು ಸರಿದರೆ ಬಟ್ಟಿನ ತೂಕವೇ ಬದಲಾದಂತೆ. ಮುಂದಿನ ಎಲ್ಲ ತೂಕವೂ ತಪ್ಪು. ಆದ್ದರಿಂದ ಎಷ್ಟು ಕೊಡಿಸುತ್ತೇವೋ ಅಷ್ಟನ್ನು ಕೂಡಲೇ ತುಂಬಿಸಬೇಕು. 1, 3, 9ರ ಬಟ್ಟುಗಳಿಂದ ಇದು ಆಗದು. ಅಲ್ಲಿ ಪ್ರತಿ ತೂಕಕ್ಕೂ ಒಂದೇ ಒಂದು ಜೋಡಣೆ ಇದೆ. 1 ಕಿಲೋ ಬೇಕೆಂದರೆ 1ರ ಬಟ್ಟನ್ನು ಎದುರು ತಟ್ಟೆಗೆ ಹಾಕಲೇಬೇಕು, ಬೇರೆ ದಾರಿಯಿಲ್ಲ. ಚಿಕ್ಕ ಕೆಪಾಸಿಟರು ಖಾಲಿಯಾಗುತ್ತಿದೆ ಎಂದು ಗೊತ್ತಿದ್ದರೂ ಮತ್ತೆ ಅದರಿಂದಲೇ ತೆಗೆಯಬೇಕು.

ಬಟ್ಟುಗಳನ್ನು 1, 2, 4 ಎಂದು ಬದಲಿಸಿ ನೋಡಿ. 13ರ ತನಕ ಹೋಗುತ್ತಿದ್ದದ್ದು 7ಕ್ಕೇ ನಿಲ್ಲುತ್ತದೆ. 27 ಮಟ್ಟವಿದ್ದದ್ದು 15ಕ್ಕೆ ಇಳಿಯುತ್ತದೆ. ಸ್ವಿಚ್ಚು ಮಾತ್ರ ಅಷ್ಟೇ, ಹನ್ನೆರಡು. ಮೇಲುನೋಟಕ್ಕೆ ನಷ್ಟ. ಆದರೆ ಈಗ 1 ಕಿಲೋವನ್ನು ಮೂರು ಬಗೆಯಲ್ಲಿ ತೂಗಬಹುದು. 1ರ ಬಟ್ಟೊಂದೇ ಅತ್ತ. ಇಲ್ಲವೇ 2 ಅತ್ತ, 1 ಇತ್ತ. ಇಲ್ಲವೇ 4 ಅತ್ತ; 2, 1 ಎರಡೂ ಇತ್ತ. ಮೊದಲನೆಯದರಲ್ಲಿ ಚಿಕ್ಕ ಕೆಪಾಸಿಟರು ಬರಿದಾಗುತ್ತದೆ, ಎರಡನೆಯದರಲ್ಲಿ ತುಂಬುತ್ತದೆ, ಮೂರನೆಯದರಲ್ಲಿ ಚಿಕ್ಕದೂ ನಡುವಿನದೂ ದೊಡ್ಡ ಮೂಲದಿಂದ ತುಂಬಿಕೊಳ್ಳುತ್ತವೆ. ಹೊರಗೆ ಮೂರೂ ಒಂದೇ. ಫ್ಯಾನಿಗಾಗಲಿ ಮೋಟಾರಿಗಾಗಲಿ ಒಳಗಿನ ಈ ಅದಲುಬದಲು ತಿಳಿಯುವುದೇ ಇಲ್ಲ. ನಿಯಂತ್ರಕ ಪ್ರತಿ ಕ್ಷಣ ಕೆಪಾಸಿಟರುಗಳ ವೋಲ್ಟೇಜು ನೋಡಿ, ಯಾವುದು ಬಳಲಿದೆಯೋ ಅದನ್ನು ತುಂಬುವ ಜೋಡಣೆ ಆರಿಸುತ್ತದೆ. 4, 6, 7ರಂಥ ತೂಕಗಳಿಗೆ ಇಲ್ಲೂ ಒಂದೇ ದಾರಿ ಇರುವುದರಿಂದ ಅಲ್ಲಿ ಕಳೆದದ್ದನ್ನು ಬೇರೆ ಮೆಟ್ಟಿಲಿನಲ್ಲಿ ತುಂಬಿಕೊಳ್ಳಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಕೆ. ಗೋಪಕುಮಾರ್ ಮತ್ತು ಅವರ ವಿದ್ಯಾರ್ಥಿಗಳು ಈ ಹಾದಿಯಲ್ಲಿ ಬಹಳ ದೂರ ಹೋಗಿದ್ದಾರೆ. ಬಹುಮಟ್ಟದ ಇನ್ವರ್ಟರುಗಳ ಮಾತು ಬಂದಲ್ಲೆಲ್ಲ ಜಗತ್ತು ಎತ್ತಿ ಹೇಳುವ ಪ್ರಯೋಗಾಲಯಗಳಲ್ಲಿ ಅವರದೊಂದು. 2015ರ ಹೊತ್ತಿಗೆ ಅವರು ಪ್ರಕಟಿಸಿದ 17 ಮಟ್ಟದ ಇನ್ವರ್ಟರಿಗೆ ಇರುವುದು ಒಂದೇ ಡೀಸಿ ಮೂಲ. ಮೊದಲು ಒಂದು ಕೆಪಾಸಿಟರು ಆ ವೋಲ್ಟೇಜನ್ನು ಅರ್ಧಕ್ಕೆ ಸೀಳುತ್ತದೆ. ಅದರ ಮುಂದೆ ಪೋಣಿಸಿದ ಮೂರು ಸೇತುವೆಗಳಲ್ಲಿ ಮೂಲದ ನಾಲ್ಕನೇ ಒಂದು, ಎಂಟನೇ ಒಂದು, ಹದಿನಾರನೇ ಒಂದು ಭಾಗದ ವೋಲ್ಟೇಜಿರುವ ಕೆಪಾಸಿಟರುಗಳು. 1, 2, 4, 8ರ ಬಟ್ಟುಗಳೇ ಇವು. ಒಂದು ಫೇಸಿಗೆ ಹದಿನಾರು ಸ್ವಿಚ್ಚು. ಒಂದು ಸೇತುವೆ ಕೆಟ್ಟರೆ ಅದನ್ನು ಪಕ್ಕಕ್ಕೆ ಸರಿಸಿ, ಕಡಿಮೆ ಮೆಟ್ಟಿಲುಗಳಲ್ಲಿ ಯಂತ್ರವನ್ನು ಪೂರ್ಣ ಹೊರೆಯಲ್ಲೇ ಮುಂದುವರಿಸಬಹುದು ಎಂಬುದು ಅದರ ಇನ್ನೊಂದು ಗುಣ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಕಮಾಲ್ ಅಲ್-ಹದ್ದಾದ್ ಅವರ ತಂಡ ಇದಕ್ಕಿಂತ ಚಿಕ್ಕದನ್ನು ಮಾಡಿತು. ಆರೇ ಸ್ವಿಚ್ಚು, ಒಂದು ಮೂಲ, ಮೂಲದ ಮೂರನೇ ಒಂದು ವೋಲ್ಟೇಜಿನ ಒಂದು ಕೆಪಾಸಿಟರು, ಏಳು ಮಟ್ಟ. ಸಮ ಸೇತುವೆಗಳಿಂದ ಏಳು ಮಟ್ಟಕ್ಕೆ ಹನ್ನೆರಡು ಸ್ವಿಚ್ಚು, ಮೂರು ಮೂಲ ಬೇಕಿತ್ತು ಎಂಬುದನ್ನು ನೆನೆದರೆ ಇದು ಬೆರಗಿನ ಮಿತವ್ಯಯ. ಆದರೆ ಆ ಒಂದು ಕೆಪಾಸಿಟರನ್ನು ಮೂರನೇ ಒಂದರಲ್ಲಿ ನಿಲ್ಲಿಸಲು ಜಟಿಲವಾದ ನಿಯಂತ್ರಣ ಬೇಕಾಯಿತು. ಅದೇ ತಂಡ 2016ರಲ್ಲಿ ಏನು ಮಾಡಿತು ಗೊತ್ತೇ? ಅದೇ ಆರು ಸ್ವಿಚ್ಚನ್ನು ಇಟ್ಟುಕೊಂಡು ಕೆಪಾಸಿಟರಿನ ವೋಲ್ಟೇಜನ್ನು ಮೂರನೇ ಒಂದರಿಂದ ಅರ್ಧಕ್ಕೆ ಬದಲಿಸಿತು. ಏಳು ಮಟ್ಟ ಐದಕ್ಕಿಳಿಯಿತು. ಪ್ರತಿಯಾಗಿ, ನಡುವಿನ ಮಟ್ಟಕ್ಕೆ ಎರಡು ದಾರಿ ಸಿಕ್ಕವು. ಕೆಪಾಸಿಟರಿನ ವೋಲ್ಟೇಜು ಅಳೆಯುವ ಸಂವೇದಕವೂ ಇಲ್ಲದೆ ಅದು ತಾನಾಗಿ ಸಮತೂಕದಲ್ಲಿ ನಿಂತಿತು. ಬುದ್ಧಿವಂತರು ಎರಡು ಮಟ್ಟಗಳನ್ನು ತಾವಾಗಿ ಬಿಟ್ಟುಕೊಟ್ಟ ಈ ಪ್ರಸಂಗ ನನಗೆ ಏಳು ಮಟ್ಟದ ಸಾಧನೆಗಿಂತ ಹೆಚ್ಚು ಇಷ್ಟ.

ಪಡ್ಘೆಯ ಅಂಗಳ

ಭಿವಂಡಿ ತಾಲ್ಲೂಕಿನ ಪಡ್ಘೆ ಎಂಬ ಊರಿನ ಹೆಸರನ್ನು ಥಾಣೆ, ನವಿಮುಂಬಯಿಯವರು ಹೆಚ್ಚಾಗಿ ಕೇಳಿದ್ದು 2020ರ ಅಕ್ಟೋಬರ್ 12ರ ಬೆಳಿಗ್ಗೆ. ಕಲ್ವಾ–ಪಡ್ಘೆ ನಡುವಿನ 400 ಕಿಲೋವೋಲ್ಟ್ ತಂತಿಗಳಲ್ಲಿ ಬಂದ ತೊಂದರೆಯಿಂದ ಮುಂಬಯಿ, ಥಾಣೆ, ನವಿಮುಂಬಯಿಗಳ ಕರೆಂಟು ಹೋಗಿ ಲೋಕಲ್ ಗಾಡಿಗಳು ನಿಂತಲ್ಲೇ ನಿಂತವು. ಆ ಪಡ್ಘೆಯಲ್ಲಿ ಒಂದು ದೈತ್ಯ ಇನ್ವರ್ಟರೂ ಇದೆ. ಚಂದ್ರಪುರದ ಕಲ್ಲಿದ್ದಲು ವಿದ್ಯುತ್ತು ಸುಮಾರು 750 ಕಿಲೋಮೀಟರು ದೂರದಿಂದ 500 ಕಿಲೋವೋಲ್ಟಿನ ಡೀಸಿಯಾಗಿ ಬಂದು ಇಲ್ಲಿ ಏಸಿಯಾಗುತ್ತದೆ. ಸಾಮರ್ಥ್ಯ 1500 ಮೆಗಾವ್ಯಾಟ್. 1999ರಿಂದ ಕೆಲಸದಲ್ಲಿದೆ. ಅಲ್ಲಿರುವುದು ಥೈರಿಸ್ಟರ್ ಎಂಬ ಹಳೆಯ ಪೀಳಿಗೆಯ ಸ್ವಿಚ್ಚುಗಳು. ಒಮ್ಮೆ ಹಾಕಿದರೆ ತಾವಾಗಿ ಆರಲಾರದವು. ಕಲ್ಮಶ ಸೋಸಲು ಅಂಗಳದ ತುಂಬ ಕೆಪಾಸಿಟರು, ಸುರುಳಿಗಳ ಸಾಲು ಬೇಕು.

ಇದೇ ಕೆಲಸಕ್ಕೆ ಈಗ ಬಂದಿರುವುದು ಜರ್ಮನಿಯ ರೈನರ್ ಮಾರ್ಕ್‌ವರ್ಟ್ ರೂಪಿಸಿದ ಬಹುಮಟ್ಟದ ಯಂತ್ರ. ಅದರಲ್ಲಿ ಕೆಪಾಸಿಟರು ಹೊತ್ತ ಸಣ್ಣ ಘಟಕಗಳು ನೂರಾರು, ಎಲ್ಲವೂ ಸಮ. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೊಲ್ಲಿಯಡಿಯ ಕೇಬಲ್ಲಿಗೆ ಅದನ್ನು ಮೊದಲು ಹಾಕಿದಾಗ ಆರು ತೋಳುಗಳ ಒಂದೊಂದರಲ್ಲೂ ಸುಮಾರು ಇನ್ನೂರು ಘಟಕಗಳಿದ್ದವು. ನಮ್ಮಲ್ಲಿ ತಮಿಳುನಾಡಿನ ಪುಗಳೂರಿನಿಂದ ಕೇರಳದ ತ್ರಿಶೂರಿಗೆ 2000 ಮೆಗಾವ್ಯಾಟ್ ಒಯ್ಯುವ ಮಾರ್ಗ 2021ರಲ್ಲಿ ಇದೇ ವಿದ್ಯೆಯಿಂದ ಶುರುವಾಯಿತು.

ನೂರಾರು ಸಮ ಬಟ್ಟುಗಳು! ಇಷ್ಟು ಹೊತ್ತು ಹೇಳಿದ ಮಿತವ್ಯಯಕ್ಕೆ ಇದು ತದ್ವಿರುದ್ಧ. ಅಲ್ಲಿ ಯಾರೂ ಘಟಕಗಳನ್ನು 1, 3, 9 ಎಂದು ಮಾಡಲು ಹೋಗಲಿಲ್ಲ, ಸರಿಯಾಗಿಯೇ ಹೋಗಲಿಲ್ಲ. ಲಕ್ಷಗಟ್ಟಲೆ ವೋಲ್ಟನ್ನು ತಡೆಯುವ ಒಂದೇ ಸ್ವಿಚ್ಚು ಯಾರ ಹತ್ತಿರವೂ ಇಲ್ಲ, ಹೇಗೂ ನೂರಾರು ಬೇಕು. ಅಷ್ಟು ಮೆಟ್ಟಿಲಿದ್ದ ಮೇಲೆ ಅಲೆ ತಾನಾಗಿಯೇ ನುಣುಪು. ಹತ್ತಾರು ಘಟಕ ಕೆಟ್ಟರೂ ಉಳಿದವು ನಡೆಸುತ್ತವೆ, ಬಿಡಿಭಾಗವೂ ಒಂದೇ ನಮೂನೆಯದು. ಬಿಡಿಭಾಗ ಕಡಿಮೆ ಮಾಡುವ ವಿದ್ಯೆಗೆ ನಿಜವಾದ ನೆಲ ನಡುವಿನ ಗಾತ್ರದಲ್ಲಿದೆ: ಸೊಸೈಟಿಯ ಮಾಳಿಗೆಯ ಸೌರ ಇನ್ವರ್ಟರು, ವಿದ್ಯುತ್ ವಾಹನ, ಕಾರ್ಖಾನೆಯ ಮೋಟಾರು, ಮನೆಯ ಡಬ್ಬಿ.

ಎಣಿಕೆಯ ಪಂದ್ಯ

ಕಡಿಮೆ ಸ್ವಿಚ್ಚಿನ ಹೊಸ ವಿನ್ಯಾಸ ಎಂಬ ತಲೆಬರಹದ ಸಂಶೋಧನಾ ಪ್ರಬಂಧಗಳು ವರ್ಷವರ್ಷವೂ ರಾಶಿ ಬೀಳುತ್ತವೆ. ಅವುಗಳನ್ನು ಒಟ್ಟುಮಾಡಿ ತೂಗಿ ನೋಡುವ ಸಮೀಕ್ಷೆಗಳೇ ಬೇಕಾಗಿವೆ; 2016ರಲ್ಲಿ ಭೋಪಾಲದ ಶೈಲೇಂದ್ರ ಜೈನ್, ಕೃಷ್ಣಕುಮಾರ್ ಗುಪ್ತಾ ಮತ್ತು ಜೊತೆಗಾರರು ಬರೆದ ಸಮೀಕ್ಷೆಯನ್ನು ಈ ವಿದ್ಯೆಯವರು ಇಂದಿಗೂ ಓದುತ್ತಾರೆ. ಹೆಚ್ಚಿನ ಪ್ರಬಂಧಗಳ ಕೊನೆಗೆ ಒಂದು ಕೋಷ್ಟಕ ಇರುತ್ತದೆ. ಅದರಲ್ಲಿ ‘ನಮ್ಮ ವಿನ್ಯಾಸ’ದ ಸಾಲಿನ ಎದುರು ಎಲ್ಲಕ್ಕಿಂತ ಚಿಕ್ಕ ಅಂಕಿ. ಕೋಷ್ಟಕ ಹಾಕುವವರು ಯಾವುದನ್ನು ಎಣಿಸುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದರ ಮೇಲೆ ಗೆಲುವು ನಿಂತಿದೆ.

ಥಾಣೆ, ಕಲ್ಯಾಣ್, ನವಿಮುಂಬಯಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳಿಗೂ ಕೊನೆಯ ವರ್ಷದ ಪ್ರಾಜೆಕ್ಟಿಗೆ ಈ ವಿಷಯ ಸಿಗುವುದುಂಟು. ಅವರಿಗೆ ಒಂದು ಮನವಿ. ನಿಮ್ಮ ಕೋಷ್ಟಕದಲ್ಲಿ ಸ್ವಿಚ್ಚಿನ ಸಂಖ್ಯೆಯ ಪಕ್ಕದಲ್ಲಿ, ಸ್ವಿಚ್ಚುಗಳು ತಡೆಯಬೇಕಾದ ವೋಲ್ಟೇಜಿನ ಮೊತ್ತವನ್ನೂ ಬರೆಯಿರಿ. ಡ್ರೈವರುಗಳೆಷ್ಟು, ಪ್ರತ್ಯೇಕ ಡೀಸಿ ಮೂಲಗಳೆಷ್ಟು, ಕೆಪಾಸಿಟರು ಎಷ್ಟು ದೊಡ್ಡದು ಎಂದು ಬರೆಯಿರಿ. ಕಡೆಯ ಅಂಕಣದಲ್ಲಿ, ಒಂದು ಸ್ವಿಚ್ಚು ಕೆಟ್ಟರೆ ಯಂತ್ರ ಕುಂಟುತ್ತಾದರೂ ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ತಪ್ಪದೆ ಬರೆಯಿರಿ.